ಪಂಚಮಿ ಉಂಡಿಗೆ ಯಾವ ಅಳತೆ: ವಾಟಿ, ಕಪ್ಪು, ತಕ್ಕಡಿ?

ನಾಗರ ಪಂಚಮಿ ಬಂತೆಂದರೆ ಬಾಗಲಕೋಟೆಯ ನಮ್ಮ ಮನೆಯಲ್ಲಿ ಬೇಸನ್ ಉಂಡಿ, ಶೇಂಗಾ ಉಂಡಿ, ರವೆ ಉಂಡಿ, ಎಳ್ಳುಂಡಿ ಎಲ್ಲ ಆಗಲೇಬೇಕು. ಅವ್ವನ ಲೆಕ್ಕವೆಲ್ಲ ಒಂದು ಸ್ಟೀಲ್ ವಾಟಿಯದು, ಅಂದರೆ ಸಣ್ಣ ಬಟ್ಟಲಿನದು. ಪುಣೆಯಲ್ಲಿರುವ ತಂಗಿ ಫೋನಿನಲ್ಲಿ, "ಅಕ್ಕಾ, ಆ ವಾಟಿ ನನ್ನ ಹತ್ರ ಇಲ್ಲ, ಗ್ರಾಂನ್ಯಾಗ ಹೇಳ" ಅಂದಳು. ಹಾಗಾಗಿ ಅವ್ವನ ವಾಟಿ, ಅಂಗಡಿಯ ಅಳತೆ ಕಪ್ಪು, ಡಿಜಿಟಲ್ ತಕ್ಕಡಿ, ನೆಟ್‌ನಲ್ಲಿ ಸಿಗುವ ಕಪ್ಪು-ಗ್ರಾಂ ಪಟ್ಟಿ ನಾಲ್ಕನ್ನೂ ಹಚ್ಚಿ ನೋಡಿದೆ.

ಪಟ್ಟಿಯ ಮಾತು ಬೇಗ ಮುಗಿಯುತ್ತದೆ. ಅಮೆರಿಕದ ಕಪ್ಪು ಸುಮಾರು 237 ಮಿಲಿ, ಮೆಟ್ರಿಕ್ ಕಪ್ಪು 250, ಜಪಾನಿನದು 200. ಎಷ್ಟೋ ಪಟ್ಟಿಗಳು ತಮ್ಮದು ಯಾವ ಕಪ್ಪು ಅಂತ ಹೇಳುವುದೇ ಇಲ್ಲ. ಅಂಥದ್ದನ್ನು ನಂಬಿ ಒಲೆ ಹಚ್ಚಬೇಡಿ.

ಕಪ್ಪಿನ ಗುಣ, ದೋಷ ಎರಡೂ ಕಡಲೆ ಹಿಟ್ಟಿನಲ್ಲಿ ಗೊತ್ತಾಗುತ್ತವೆ. ನನ್ನದು 240 ಮಿಲಿ ಕಪ್ಪು. ಸಾಣಿಸಿದ ಹಿಟ್ಟನ್ನು ಚಮಚದಿಂದ ಮೆಲ್ಲಗೆ ತುಂಬಿ, ಚಾಕುವಿನ ಬೆನ್ನಿನಿಂದ ಸಮ ಮಾಡಿ ತೂಗಿದರೆ 94 ಗ್ರಾಂ. ಅದೇ ಕಪ್ಪನ್ನು ಡಬ್ಬಿಯೊಳಗೆ ಅದ್ದಿ, ಕಟ್ಟೆಗೆ ಕುಟ್ಟಿ, ಮತ್ತಷ್ಟು ತುಂಬಿ ಸಮ ಮಾಡಿದರೆ 126. ಹಿಟ್ಟು ಅದೇ, ನಡುವಿನ ಗಾಳಿ ಹೋಗಿದೆ ಅಷ್ಟೆ. ನಾಲ್ಕು ಕಪ್ಪಿಗೆ 128 ಗ್ರಾಂ ಅಂತರ ಬಿದ್ದರೆ, ಅದೇ ತುಪ್ಪಕ್ಕೆ ಒಂದು ಸಲ ಉಂಡಿ ಕುಸಿದು ಕೂರುತ್ತದೆ, ಇನ್ನೊಂದು ಸಲ ಕೈಯಲ್ಲೇ ಒಡೆಯುತ್ತದೆ. ಸಕ್ಕರೆ ಹೀಗೆ ಕಾಡುವುದಿಲ್ಲ. ಸುಮ್ಮನೆ ಸುರಿದರೂ, ಕುಟ್ಟಿ ತುಂಬಿದರೂ 200 ಗ್ರಾಂನ ಆಸುಪಾಸಿನಲ್ಲೇ ಇರುತ್ತದೆ. ರವೆಯೂ ಹೆಚ್ಚುಕಡಿಮೆ ಹಾಗೇ. ಕಾಳು, ರವೆ, ಸಕ್ಕರೆಗೆ ಕಪ್ಪು ಸಾಕು. ಹಿಟ್ಟಿಗೆ, ಸಕ್ಕರೆ ಪುಡಿಗೆ ಸಾಲದು.

ಬೆಲ್ಲಕ್ಕಂತೂ ತಕ್ಕಡಿಯೇ ಬೇಕು. ಮಹಾಲಿಂಗಪುರದ ಪೆಂಟಿ ಬೆಲ್ಲ ಹೆರೆದರೆ ಒಂದು ಕಪ್ಪು, ಜಜ್ಜಿದರೆ ಇನ್ನೊಂದು ಕಪ್ಪು. ತಕ್ಕಡಿಗೆ ಎರಡೂ ಒಂದೇ.

ಆದರೆ ಏಲಕ್ಕಿ ಪುಡಿ, ಜಾಜಿಕಾಯಿ ಹತ್ತಿರ ತಕ್ಕಡಿ ಸೋಲುತ್ತದೆ. ಬಟ್ಟಲಿಟ್ಟು ಸೊನ್ನೆ ಮಾಡಿಕೊಂಡು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಅಂಕಿ ಅಲುಗುವುದೇ ಇಲ್ಲ. ನಿಧಾನವಾಗಿ ಬೀಳುವ ಸಣ್ಣ ಭಾರವನ್ನು ಇಂಥ ತಕ್ಕಡಿಗಳು ಎಷ್ಟೋ ಸಲ ಸೊನ್ನೆಯೊಳಗೇ ಸೇರಿಸಿಬಿಡುತ್ತವೆ. ಅಲ್ಲಿ 5 ಮಿಲಿ ಚಮಚವೇ ಮೇಲು.

ಇನ್ನು ವಾಟಿ. ಅದನ್ನು ಹಳೇ ಪದ್ಧತಿ ಅಂತ ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಒಂದೇ ವಾಟಿ, ಒಂದೇ ಕೈ ಇರುವವರೆಗೆ ಪ್ರಮಾಣ ತಪ್ಪುವುದಿಲ್ಲ. ವಾಟಿ ತುಂಬ ನೀರು ಹಾಕಿ ತೂಗಿದೆ: 180 ಗ್ರಾಂ. ನೀರಿಗೆ ಗ್ರಾಂ ಅಂದರೆ ಮಿಲಿಯೇ, ಹಾಗಾಗಿ ಇದು ಮುಕ್ಕಾಲು ಕಪ್ಪು. ಆ ಲೆಕ್ಕದಲ್ಲಿ ಒತ್ತಿ ತುಂಬಿದ ಕಡಲೆ ಹಿಟ್ಟು ಸುಮಾರು 95 ಗ್ರಾಂ ಆಗಬೇಕು. ಅವ್ವನ ಕೈಗೇ ಕೊಟ್ಟು ತುಂಬಿಸಿದಾಗ ತಕ್ಕಡಿ ತೋರಿಸಿದ್ದು 112. ಅವಳು ಯಾವತ್ತೂ ಮೇಲೆ ಗೋಪುರ ಕಟ್ಟಿಯೇ ತುಂಬುವುದು, ಸಮ ಮಾಡುವುದಿಲ್ಲ. ಆ ಗೋಪುರ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಮನೆಯ ಹಿರಿಯರ ಅಡುಗೆ ಬರೆದಿಡುವವರು ಅವರ ಕೈಯಿಂದಲೇ ತುಂಬಿಸಿ ತೂಗಿ.

ಸೇರಿಗೂ ಇದೇ ಮಾತು. 80 ತೊಲದ ತೂಕದ ಸೇರು ಸುಮಾರು 933 ಗ್ರಾಂ. 1956ರ ಕಾಯ್ದೆಯ ನಂತರ ಕಿಲೋ ಬಂದು ಅದು ಮೂಲೆ ಸೇರಿತು. ಆದರೆ ಜೋಳ ಅಳೆಯುವ ಸೇರು ಪಾತ್ರೆಯ ಅಳತೆ. ಅಜ್ಜಿಯ "ಅಚ್ಚೇರು" (ಅರ್ಧ ಸೇರು) ಹಿಟ್ಟನ್ನು 466 ಗ್ರಾಂ ಅಂತ ಬರೆದುಕೊಂಡರೆ ಲೆಕ್ಕ ಕೆಡುತ್ತದೆ.

ಒಂದೇ ಕೊಳ್ಳುವುದಾದರೆ ತಕ್ಕಡಿ ಕೊಳ್ಳಿ, ಜೊತೆಗೆ ಅಳತೆ ಚಮಚ ಇರಲಿ. ತಂಗಿಗೆ ಕಳಿಸಿದ ಬೇಸನ್ ಉಂಡಿ ಲೆಕ್ಕ ಇದು: ಕಡಲೆ ಹಿಟ್ಟು 450 ಗ್ರಾಂ, ತುಪ್ಪ 250 ಗ್ರಾಂ, ಸಕ್ಕರೆ ಪುಡಿ 350 ಗ್ರಾಂ, ಏಲಕ್ಕಿ ಪುಡಿ ಸಮ ಮಾಡಿದ ಒಂದು ಟೀ ಚಮಚ.