ಪವರ್‌ಟಾಪ್: ಆರು ವರ್ಷ ಬಳಸಿದ ಮೇಲೆ

ಲಿನಕ್ಸ್‌ಗೆ ಡೆಸ್ಕ್‌ಟಾಪ್ ಆ್ಯಪ್ ಬರೆಯುವುದು ನನ್ನ ಕೆಲಸ. ಆ್ಯಪ್ ಎಷ್ಟು ಬ್ಯಾಟರಿ ತಿನ್ನುತ್ತದೆ ಅನ್ನೋ ಯೋಚನೆ ಮೊದಲೆಲ್ಲ ಇರಲೇ ಇಲ್ಲ. ಸಿಪಿಯು ಬಳಕೆ ಶೇ 1ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಆ ನಿಶ್ಚಿಂತೆ ಕೆಡಿಸಿದ್ದು ಪವರ್‌ಟಾಪ್. ಬ್ಯಾಟರಿಯನ್ನು ಯಾವ ಪ್ರೋಗ್ರಾಂ ತಿನ್ನುತ್ತಿದೆ ಅಂತ ತೋರಿಸಲು ಇಂಟೆಲ್ 2007ರಲ್ಲಿ ಹೊರತಂದ ಉಚಿತ ಟೂಲ್ ಇದು. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಓಡುತ್ತದೆ, ರೂಟ್ (ಅಡ್ಮಿನ್) ಅನುಮತಿ ಬೇಕು.

ನಾನು ನೋಡುವುದು ಹೆಚ್ಚಾಗಿ ಒಂದೇ ಕಾಲಂ. ಯಾವ ಪ್ರೋಗ್ರಾಂ ಸೆಕೆಂಡಿಗೆ ಎಷ್ಟು ಸಲ ಸಿಪಿಯುವನ್ನು ಎಬ್ಬಿಸುತ್ತಿದೆ ಅನ್ನೋದು. ಕೆಲಸ ಇಲ್ಲದಾಗ ಸಿಪಿಯು ನಿದ್ದೆಗೆ ಜಾರುತ್ತದೆ. ನಿದ್ದೆ ಆಳವಾದಷ್ಟೂ ಬ್ಯಾಟರಿ ಉಳಿಯುತ್ತದೆ. ಎಬ್ಬಿಸಿ ಮಾಡಿಸಿದ ಕೆಲಸ ಎಷ್ಟೇ ಚಿಕ್ಕದಿರಲಿ, ನಿದ್ದೆ ಕೆಟ್ಟಿತು ಅಲ್ವಾ?

ಮೊದಲ ಸಲ ಓಡಿಸಿದಾಗ ಪಟ್ಟಿಯ ಮೇಲ್ತುದಿಯಲ್ಲಿ ನನ್ನ ಆ್ಯಪೇ ಕೂತಿತ್ತು! ಸುಮ್ನೆ ತೆರೆದಿಟ್ಟಿದ್ದೆ ಅಷ್ಟೇ, ಆದರೂ ಸೆಕೆಂಡಿಗೆ ಹೆಚ್ಚುಕಡಿಮೆ 100 ಸಲ. ಹುಡುಕಿದರೆ, ಸೆಟ್ಟಿಂಗ್ಸ್ ಫೈಲ್ ಬದಲಾಯಿತಾ ಅಂತ 10 ಮಿಲಿಸೆಕೆಂಡಿಗೊಮ್ಮೆ ಇಣುಕುವ ಟೈಮರ್. ಬರೆದವನು ನಾನೇ. ಅದನ್ನು ಕಿತ್ತು ಲಿನಕ್ಸ್‌ನದ್ದೇ ಐನೋಟಿಫೈ ಸೌಲಭ್ಯ ಹಾಕಿದೆ. ಫೈಲ್ ಬದಲಾದರೆ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಹೇಳುತ್ತದೆ, ನಾವು ಕೇಳುತ್ತಾ ಕೂರಬೇಕಿಲ್ಲ. ಆಮೇಲೆ ಆ್ಯಪ್ ಹೆಸರು ಕಾಣಬೇಕಾದರೆ ಪಟ್ಟಿಯ ಕೆಳತನಕ ಇಳಿಯಬೇಕಾಯಿತು. ಕಿಟಕಿ ಮಿನಿಮೈಸ್ ಮಾಡಿದರೂ ಒಳಗೆ ಸುತ್ತುತ್ತಲೇ ಇದ್ದ ಲೋಡಿಂಗ್ ಚಕ್ರ ಸಿಕ್ಕಿದ್ದೂ ಇದರಿಂದಲೇ.

ಕೊರತೆ ಇಲ್ಲ ಅಂತಲ್ಲ. ಪ್ರೋಗ್ರಾಂ ಹೆಸರು ಹೇಳುತ್ತದೆ, ಕೋಡ್‌ನ ಯಾವ ಸಾಲು ಅಂತ ಹೇಳುವುದಿಲ್ಲ. ಅಲ್ಲಿಂದ ಮುಂದೆ ಎಸ್‌ಟ್ರೇಸ್, ಪರ್ಫ್‌ನಂಥ ತಪಾಸಣೆ ಟೂಲ್ ಹಿಡಿದು ನೀವೇ ಅಗೆಯಬೇಕು. ಒಂದೊಂದು ಪ್ರೋಗ್ರಾಂ ಎದುರು ಕಾಣುವ ವಾಟ್ ಲೆಕ್ಕ ಬರೀ ಅಂದಾಜು. ಅದೂ ಲ್ಯಾಪ್‌ಟಾಪನ್ನು ಚಾರ್ಜರ್‌ನಿಂದ ಬಿಡಿಸಿ ಸಾಕಷ್ಟು ಹೊತ್ತು ಅಳತೆ ಮಾಡಿದ ಮೇಲೆ. ನಾನಂತೂ ಆ ಅಂಕಿಯನ್ನು ಯಾರಿಗೂ ತೋರಿಸುವುದಿಲ್ಲ. ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟಿದ ಇನ್ನೊಂದು ಕಂಪ್ಯೂಟರ್) ಓಡಿಸಿ ಪ್ರಯೋಜನ ಕಡಿಮೆ.

ಬ್ಯಾಟರಿ ಉಳಿಸುವ ಸೆಟ್ಟಿಂಗ್‌ಗಳನ್ನೆಲ್ಲ ಒಟ್ಟಿಗೆ ಆನ್ ಮಾಡುವ ಆಟೋ-ಟ್ಯೂನ್ ಬಗ್ಗೆ ಒಂದು ಮಾತು. ಏನು ಮಾಡುತ್ತದೆ ಅಂತ ಓದದೆ ಓಡಿಸಿದ್ದು ನನ್ನದೇ ತಪ್ಪು. ಅದು ಯುಎಸ್‌ಬಿ ಸಾಧನಗಳಿಗೂ ನಿದ್ದೆ ಹಿಡಿಸುತ್ತದೆ. ಎರಡು ಸೆಕೆಂಡ್ ಮುಟ್ಟದಿದ್ದರೆ ಮೌಸ್ ಸತ್ತಂತೆ, ಕ್ಲಿಕ್ ಮಾಡಿದರೆ ಮಾತ್ರ ಏಳುವುದು. ಪುಣ್ಯಕ್ಕೆ ರೀಬೂಟ್ ಮಾಡಿದರೆ ಎಲ್ಲ ಮೊದಲಿನಂತೆ.

ಈಗ ಪ್ರತಿ ರಿಲೀಸ್‌ಗೂ ಮುಂಚೆ ಹಳೇ ಆವೃತ್ತಿ, ಹೊಸದು ಎರಡನ್ನೂ 60 ಸೆಕೆಂಡ್ ಸುಮ್ನೆ ಬಿಟ್ಟು ಎಚ್‌ಟಿಎಂಎಲ್ ವರದಿ ತೆಗೆದು ಪಕ್ಕಪಕ್ಕ ಇಡುತ್ತೇನೆ. ಎಬ್ಬಿಸುವ ಸಂಖ್ಯೆ ಜಾಸ್ತಿಯಾಗಿದ್ದರೆ ರಿಲೀಸ್ ಒಂದು ದಿನ ಮುಂದಕ್ಕೆ. ಐದರಲ್ಲಿ ನಾಲ್ಕು ಸ್ಟಾರ್.