ಡೂಪ್‌ಗುರು: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ ಮನೆಯ 1 ಟಿಬಿ ಹಾರ್ಡ್‌ಡಿಸ್ಕ್ ತುಂಬಿದಾಗ ಇನ್ನೊಂದು ಕೊಳ್ಳೋಣ ಅಂತಲೇ ಇದ್ದೆ. ತೆರೆದು ನೋಡಿದರೆ ಒಂದೇ ಫೋಟೋ ನಾಲ್ಕು ಕಡೆ. ಫೋನ್ ಬದಲಿಸಿದಾಗಲೆಲ್ಲ ಇಡೀ ಗ್ಯಾಲರಿಯನ್ನು ಹೊಸ ಫೋಲ್ಡರಿಗೆ ಸುರಿದಿದ್ದೆವು. ‘ಹಳೇ ಫೋನ್’, ‘ಹಳೇ ಫೋನ್ 2’, ‘ಅಮ್ಮನ ಫೋನ್ ಪೂರ್ತಿ’. ಯಾವುದನ್ನು ಅಳಿಸೋಕೂ ಧೈರ್ಯ ಬರುತ್ತಿರಲಿಲ್ಲ.

ಮೊದಲು ಜಾಹೀರಾತು ನೋಡಿ, ಒಂದೇ ಫೈಲಿನ ನಕಲುಗಳನ್ನು ಹುಡುಕಿ ಅಳಿಸುವ ಒಂದು ಸಾಫ್ಟ್‌ವೇರ್ ಹಾಕಿಕೊಂಡೆ. ಹುಡುಕುವುದು ಪುಕ್ಕಟೆ, ಅಳಿಸಬೇಕಾದರೆ ದುಡ್ಡು. ತೆಗೆದುಹಾಕಿದೆ. ಆಮೇಲೆ ಸಿಕ್ಕಿದ್ದು ಅದೇ ಕೆಲಸ ಮಾಡುವ ಡೂಪ್‌ಗುರು. ಪೂರ್ತಿ ಉಚಿತ, ಓಪನ್ ಸೋರ್ಸ್ (ಅದರ ಕೋಡ್ ಯಾರು ಬೇಕಾದರೂ ನೋಡಬಹುದು). ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಇದರ ಜೀವ ಇರುವುದು ‘ರೆಫರೆನ್ಸ್’ ಫೋಲ್ಡರಿನಲ್ಲಿ. ಒಂದು ಫೋಲ್ಡರನ್ನು ರೆಫರೆನ್ಸ್ ಅಂತ ಗುರುತಿಸಿದರೆ ಅದರೊಳಗಿನ ಫೈಲನ್ನು ಡೂಪ್‌ಗುರು ಅಳಿಸುವುದೇ ಇಲ್ಲ. ನಾನು ಮೊದಲು ‘ಮನೆ ಫೋಟೋ’ ಅಂತ ಒಂದು ಫೋಲ್ಡರ್ ಮಾಡಿ, ವರ್ಷದ ಪ್ರಕಾರ ಜೋಡಿಸಿ, ಅದನ್ನು ರೆಫರೆನ್ಸ್ ಮಾಡಿದೆ. ಅಸಲು ಎಲ್ಲಿರಬೇಕು ಅಂತ ನಾವೇ ತೀರ್ಮಾನಿಸಿಬಿಟ್ಟರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಫೈಲಿನ ಒಳಗಿರುವುದನ್ನೇ ಹೋಲಿಸುವ ‘ಕಂಟೆಂಟ್ಸ್’ ವಿಧಾನದಿಂದ ಶುರು ಮಾಡಿ. ಇಲ್ಲಿ ಹೆಸರು ಲೆಕ್ಕಕ್ಕೇ ಬರುವುದಿಲ್ಲ. ಒಂದೇ ಗಾತ್ರದ ಫೈಲುಗಳನ್ನು ಮೊದಲು ಆರಿಸಿಕೊಂಡು, ಅವುಗಳ ಒಳಗನ್ನು ಮಾತ್ರ ನೋಡುತ್ತದೆ. ‘ಗೃಹಪ್ರವೇಶ’ ಅಂತ ಹೆಸರು ಬದಲಿಸಿದ್ದ ಫೋಟೋಗಳೂ ಸಿಕ್ಕಿಬಿದ್ದವು. ಮೊದಲ ದಿನವೇ 110 ಜಿಬಿ ಜಾಗ ಬಿಡುವಾಯಿತು.

ವಾಟ್ಸಾಪ್ ಫೋಟೋಗಳ ಕಥೆ ಬೇರೆ. ಕಳಿಸುವಾಗ ಫೋಟೋ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಹೋಗುತ್ತದೆ. ಕಣ್ಣಿಗೆ ಒಂದೇ ಚಿತ್ರ, ಕಂಪ್ಯೂಟರಿಗೆ ಬೇರೆ ಬೇರೆ ಫೈಲು. ಇದಕ್ಕೆ ‘ಪಿಕ್ಚರ್’ ವಿಧಾನ ಬೇಕು. ಪ್ರತಿ ಚಿತ್ರವನ್ನೂ ಉದ್ದಕ್ಕೆ 15, ಅಡ್ಡಕ್ಕೆ 15 ಚೌಕ ಮಾಡಿ, ಒಂದೊಂದು ಚೌಕದ ಸರಾಸರಿ ಬಣ್ಣ ಹಿಡಿದು ಹೋಲಿಸುತ್ತದೆ. ನಿಧಾನ. ನಮ್ಮ ಹಳೇ ಲ್ಯಾಪ್‌ಟಾಪಿನಲ್ಲಿ ರಾತ್ರಿ ಹಚ್ಚಿ ಮಲಗಿದೆ.

ಇಲ್ಲಿ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. ಮಗಳ ನಾಮಕರಣದಲ್ಲಿ ಸಾಲಾಗಿ ತೆಗೆದ ಐದು ಫೋಟೋಗಳನ್ನು ಇದು ಒಂದೇ ಗುಂಪಿಗೆ ಹಾಕಿತ್ತು. ನಾಲ್ಕರಲ್ಲಿ ಅಜ್ಜಿ ಕಣ್ಣು ಮುಚ್ಚಿದ್ದಾರೆ. ಒಂದರಲ್ಲಿ ನಗುತ್ತಿದ್ದಾರೆ. ಬಣ್ಣದ ಚೌಕಗಳಿಗೆ ಆ ನಗು ಹೇಗೆ ಗೊತ್ತಾಗಬೇಕು, ಅಲ್ವಾ? ‘ಡೀಟೇಲ್ಸ್’ ಕಿಟಕಿ ತೆರೆದರೆ ಎರಡೂ ಚಿತ್ರ ಅಕ್ಕಪಕ್ಕ ಕಾಣುತ್ತವೆ. ಒಂದೊಂದೇ ನೋಡಿ ಗುರುತು ಹಾಕಿದೆ. ಎರಡು ಭಾನುವಾರ ಹಿಡಿಯಿತು. ಅಜ್ಜಿ ಈಗ ಇಲ್ಲ. ಆ ಫೋಟೋ ದೇವರ ಮನೆಯ ಪಕ್ಕದ ಗೋಡೆಯ ಮೇಲಿದೆ.

ಅಳಿಸಿದ್ದು ಮೊದಲು ರೀಸೈಕಲ್ ಬಿನ್‌ಗೆ ಹೋಗುತ್ತದೆ. ಅದನ್ನು ಖಾಲಿ ಮಾಡುವ ತನಕ ಜಾಗ ಸಿಗುವುದಿಲ್ಲ. ನಾನು ಒಂದು ತಿಂಗಳು ಹಾಗೇ ಬಿಡುತ್ತೇನೆ. ನೇರವಾಗಿ ಅಳಿಸುವ ಆಯ್ಕೆಯೂ ಇದೆ, ಒಮ್ಮೆಯೂ ಮುಟ್ಟಿಲ್ಲ. ಸಿ ಡ್ರೈವ್‌ನಲ್ಲಿರುವ ವಿಂಡೋಸ್ ಫೋಲ್ಡರುಗಳ ಮೇಲೆ ಇದನ್ನು ಓಡಿಸಲೇಬೇಡಿ. ಅಲ್ಲಿ ಒಂದೇ ಫೈಲು ಎರಡು ಕಡೆ ಇರುವುದಕ್ಕೆ ಕಾರಣ ಇರುತ್ತದೆ. ಬ್ಯಾಕಪ್ ಡಿಸ್ಕನ್ನೂ ಇದರ ಜೊತೆ ಸೇರಿಸಬೇಡಿ. ಅಲ್ಲಿರುವ ಪ್ರತಿ ನಮಗೆ ಬೇಕಾದ ಪ್ರತಿ.

ವಿಡಿಯೊ ವಿಷಯದಲ್ಲಿ ಇದರ ಕೈ ಗಿಡ್ಡ. ತದ್ರೂಪಿ ಪ್ರತಿ ಸಿಗುತ್ತದೆ, ಕುಗ್ಗಿಸಿದ ವಿಡಿಯೊ ಸಿಗುವುದಿಲ್ಲ. ಅದಕ್ಕೆ ಚ್ಕಾಫ್ಕಾ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರ್ ಬಳಸುತ್ತೇನೆ. ಪೋಲಿಷ್ ಭಾಷೆಯಲ್ಲಿ ಆ ಹೆಸರಿಗೆ ಬಿಕ್ಕಳಿಕೆ ಅಂತ ಅರ್ಥವಂತೆ. ವಿಡಿಯೊ ಹೋಲಿಸಲು ಜೊತೆಗೆ ಎಫ್‌ಎಫ್‌ಎಂಪೆಗ್ ಅನ್ನುವ, ವಿಡಿಯೊ ಫೈಲುಗಳನ್ನು ಓದುವ ಸಾಫ್ಟ್‌ವೇರನ್ನೂ ಹಾಕಿಕೊಳ್ಳಬೇಕು.

ಈಗ ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮನೆ ತೊಳೆಯುವ ವಾರ, ಡೂಪ್‌ಗುರು ಓಡಿಸುತ್ತೇನೆ. ಹೋದ ಸಲ ಸಿಕ್ಕಿದ್ದು ಬರೀ 6 ಜಿಬಿ. ಹೊಸ ಹಾರ್ಡ್‌ಡಿಸ್ಕ್ ಇನ್ನೂ ಕೊಂಡಿಲ್ಲ.