ಹಳೇ ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿ ಮತ್ತು ನನ್ನ ‘ನೂರಿಲ್ಲೇನು’ ಹಾಡು

ಮೊದಲೇ ಹೇಳಿ ಬಿಡ್ತೇನೆ, 5ರಲ್ಲಿ 4 ಸ್ಟಾರ್. ಒಂದು ಯಾಕೆ ಕಟ್ ಮಾಡಿದ್ದು ಅಂತ ಆಮೇಲೆ ಬರ್ತದೆ, ಅದು ಪೂರ್ತಿ ಅವರ ತಪ್ಪು ಅಂತ ಹೇಳ್ಲಿಕ್ಕೂ ಆಗುದಿಲ್ಲ.

ಅಂಗಡಿ ಕಾಸರಗೋಡು ಹಳೇ ಬಸ್ ಸ್ಟ್ಯಾಂಡಿನ ಹತ್ರ, ಮೊಬೈಲ್ ರಿಪೇರಿಯವರ ಸಾಲಲ್ಲಿ ಮಾಳಿಗೆ ಮೇಲೆ. ಬೋರ್ಡೇ ಇಲ್ಲ, ಕೇಳಿಕೊಂಡು ಹೋಗ್ಬೇಕು. ಹಳೇ ಕ್ಯಾಸೆಟ್ಟಲ್ಲಿ ಇದ್ದದ್ದನ್ನು ಪೆನ್‌ಡ್ರೈವಿಗೆ ಹಾಕಿ ಕೊಡ್ತಾರೆ, ಮದುವೆಯ ವಿಎಚ್‌ಎಸ್ ಇದ್ರೆ ಅದನ್ನೂ. ಕ್ಯಾಸೆಟ್ಟಿಗೆ 200 ರೂಪಾಯಿ, ಬೂಷ್ಟು ಹಿಡಿದಿದ್ರೆ 100 ಜಾಸ್ತಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಬೂಷ್ಟು ಹಿಡಿಯದ ಕ್ಯಾಸೆಟ್ ಎಲ್ಲುಂಟು ಮಾರಾಯ್ರೇ, ಹಾಗಾಗಿ ರೇಟು 300 ಅಂತಲೇ ಇಟ್ಕೊಳ್ಳಿ.

ನಾನು ಹೋದದ್ದು ಒಂದೇ ಒಂದು ಹಾಡಿಗೋಸ್ಕರ. ಕಾಲೇಜಲ್ಲಿದ್ದಾಗ ಉಪ್ಪಳದ ಒಬ್ಬ ಫ್ರೆಂಡ್ ಇದ್ದ, ಅವನ ಅಣ್ಣ ದುಬಾಯಿಯಲ್ಲಿ. ಅಣ್ಣ ರಜೆಗೆ ಬಂದಾಗ ಟ್ಯಾಂಗು, ನಿಡೋ, ಕೋಡಾಲಿ ತೈಲದ ಜೊತೆ ಪೆಟ್ಟಿಗೆಯಲ್ಲಿ ಕ್ಯಾಸೆಟ್ಟೂ ಬರ್ತಿತ್ತು. ಅದರಿಂದ ನನಗೆ ಅಂತ ಒಂದು 90 ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಅವನು ಹಾಡು ತುಂಬಿಸಿ ಕೊಟ್ಟಿದ್ದ. ಎಂತೆಂತ ಹಾಡು ಅಂತ ಮುಚ್ಚಳದೊಳಗಿನ ಕಾಗದದಲ್ಲಿ ಪೆನ್ಸಿಲಲ್ಲಿ ಬರೆದದ್ದೂ ಇತ್ತು, ಆ ಕಾಗದ ಗೆದ್ದಲಿಗೆ ಹೋಯ್ತು. ಹಾಡು ಮಾತ್ರ ತಲೆಯಲ್ಲಿ ಉಳೀತು, ಅದೂ ಅರ್ಧಂಬರ್ಧ.

ಅದರಲ್ಲಿ ಒಂದು ಅರಬಿ ಹಾಡು. ಹಬೀಬಿ ಅನ್ನುವ ಶಬ್ದ ಕಾಸರಗೋಡಲ್ಲಿ ಯಾರಿಗೆ ಗೊತ್ತಿಲ್ಲ, ಅದು ಬಿಟ್ರೆ ನಮಗೆ ತಿಳಿದದ್ದು ಒಂದೇ, ಪಲ್ಲವಿಯಲ್ಲಿ ಅವ ‘ನೂರಿಲ್ಲೇನು’ ಅಂತ ಕೇಳ್ತಾನೆ. ದೇವರಾಣೆ ಹಾಗೇ ಕೇಳ್ತಿತ್ತು. ನೂರು ರೂಪಾಯಿ ಇಲ್ವಾ ಅಂತ! ನಮ್ಮ ಕಡೆ ‘ಇಲ್ಲೇನು’ ಅಂತ ಯಾರೂ ಹೇಳುದಿಲ್ಲ, ‘ಇಲ್ವಾ’ ಅಂತಲೇ, ಅದಕ್ಕೆ ಈ ಹಾಡಿನವ ಘಟ್ಟದ ಮೇಲಿನವ ಅಂತ ನಮ್ಮ ತೀರ್ಮಾನ. ಕ್ಯಾಂಟೀನಲ್ಲಿ ಯಾರ ಹತ್ರ ಸಾಲ ಕೇಳುದಾದ್ರೂ ಈ ರಾಗದಲ್ಲೇ ಕೇಳುದು. ಇನ್ನೊಂದು ಗುರುತು ಉಂಟು, ಹಾಡಿನ ನಡುವೆ ಒಂದು ರೈಲಿನ ಹಾರ್ನ್. ಎರಡನೇ ಸಲ ‘ನೂರಿಲ್ಲೇನು’ ಆದ ತಕ್ಷಣ ಉದ್ದಕ್ಕೆ ಒಂದು ಪೋಂ ಅಂತ. ಅದು ಎಷ್ಟು ತಾಳಕ್ಕೆ ಸರಿಯಾಗಿ ಬರ್ತದೆ ಅಂದ್ರೆ ಮ್ಯೂಸಿಕ್ ಡೈರೆಕ್ಟರನ ತಲೆಯೇ ತಲೆ ಅಂತ ನಾನು ಎಷ್ಟೋ ಜನರ ಹತ್ರ ಹೇಳಿದ್ದೇನೆ.

ಕನ್ನಡ ಹಾಡಾದ್ರೆ ಕಷ್ಟ ಇಲ್ಲ. 1987ರ ಪ್ರೇಮಲೋಕದ್ದೇ ಆಗ್ಲಿ, ಹಂಸಲೇಖರ ಬೇರೆ ಯಾವುದೇ ಆಗ್ಲಿ, ಅರ್ಧ ಸಾಲು ನೆನಪಿದ್ರೆ ಟೈಪ್ ಮಾಡಿದ್ರಾಯ್ತು. ಸಪ್ತಭಾಷೆಯ ನಾಡು ಅಂತ ಹೇಳ್ತೇವೆ, ಆ ಏಳರಲ್ಲಿ ಯಾವುದಾದ್ರೂ ಹೇಗಾದ್ರೂ ಹುಡುಕಬಹುದು, ನನ್ನದು ಎಂಟನೇದ್ದು, ‘ನೂರಿಲ್ಲೇನು ರೈಲು’ ಅಂತ ಟೈಪ್ ಮಾಡಿದ್ರೆ ಎಂತ ಬರ್ತದೆ ನೀವೇ ಯೋಚಿಸಿ. 2020ರಲ್ಲಿ ಗೂಗಲ್‌ನವರು ಗುನುಗಿದ್ರೆ ಸಾಕು ಹಾಡು ಹೇಳ್ತೇವೆ ಅಂತ ಶುರು ಮಾಡಿದ್ರಲ್ಲ, ಈಗ ಅಂಥ ಆಪು ಬೇರೆಯೂ ಉಂಟು. 10-15 ಸೆಕೆಂಡ್ ಗುನುಗಬೇಕು, ಅದು ದನಿ, ವಾದ್ಯ ಎಲ್ಲ ಬದಿಗಿಟ್ಟು ಬರೀ ರಾಗದ ಏರಿಳಿತ ತಾಳೆ ಹಾಕ್ತದೆ. ನನ್ನ ಏರಿಳಿತಕ್ಕೆ ಒಂದು ಸ್ಪ್ಯಾನಿಷ್ ಹಾಡು ತೋರಿಸಿತು, 14 ಪರ್ಸೆಂಟ್ ಮ್ಯಾಚ್ ಅಂತೆ. ಹೆಂಡತಿ ಒಳಗಿನಿಂದ ಹೇಳಿದಳು, 14 ಅವರು ಮರ್ಯಾದೆಗೆ ಕೊಟ್ಟದ್ದು ಅಂತ.

ಇನ್ನೊಂದು ಬಗೆಯ ಆಪು ಗುನುಗಿದ್ರೆ ಕೇಳುದಿಲ್ಲ, ಅದಕ್ಕೆ ಅಸಲು ರೆಕಾರ್ಡಿಂಗೇ ಬೇಕು. ಶಾಜಾಂ 2002ರಲ್ಲಿ ಇಂಗ್ಲೆಂಡಲ್ಲಿ ಶುರುವಾದದ್ದು ಹಾಗೆ, ಆಗ ಆಪ್ ಎಲ್ಲಿಂದ, 2580ಕ್ಕೆ ಫೋನ್ ಮಾಡಿ ಹಾಡಿನ ಕಡೆ ಹಿಡಿದ್ರೆ ಹೆಸರು ಮೆಸೇಜಲ್ಲಿ ಬರುದಂತೆ. ಕೀಪ್ಯಾಡಿನ ನಡು ಸಾಲು ಮೇಲಿಂದ ಕೆಳಗೆ ಒತ್ತಿ ನೋಡಿ, ಅದೇ ನಂಬರು. ನನ್ನ ಹತ್ರ ಕ್ಯಾಸೆಟ್ ಉಂಟಲ್ಲ ಅಂತ ಅಟ್ಟದಿಂದ ಹಳೇ ಟೂ ಇನ್ ವನ್ ಇಳಿಸಿ, ಹಾಡು ಹಾಕಿ, ಒಂದು ಆಪ್ ಹಿಡಿದು ನೋಡಿದೆ. ಸಿಗ್ಲಿಲ್ಲ. ಮೂರು ಸಲ ಹಿಡಿದೆ. ಇಲ್ಲ. ನಾಲ್ಕನೇ ಸಲಕ್ಕೆ ಸೆಟ್ಟು ಟೇಪನ್ನೇ ನುಂಗಿತು.

ಹಾಗೆ ಈ ಅಂಗಡಿ. ಅವರು ಮಾತಾಡುದು ಮಲಯಾಳ, ನಾನು ಕನ್ನಡ, ನಡುವೆ ತುಳುವಿನಲ್ಲಿ ಒಪ್ಪಂದ. ಕೆಲಸ ಮಾತ್ರ ನೋಡ್ಬೇಕು. ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ ಐದನ್ನೂ ಸೋಡಾ ಬಾಟ್ಲಿಯ ಮುಚ್ಚಳದೊಳಗೆ ಹಾಕಿದ್ರು. ಸುರುಳಿಯ ಅಂಚಿಗೆ ಹಪ್ಪಳಕ್ಕೆ ಹಿಡಿದ ಹಾಗೆ ಬಿಳಿ ಬೂಷ್ಟು, ಅದನ್ನು ಬತ್ತಿಗೆ ಸ್ಪಿರಿಟ್ ಮುಟ್ಟಿಸಿ ಸುತ್ತು ಸುತ್ತಾಗಿ ಒರೆಸಿದ್ರು, ಆರು ಮೂಲೆಯ ಪೆನ್ಸಿಲ್ ಹಾಕಿ ಸುತ್ತುದು ನೋಡುವಾಗ ನನ್ನ ಕೈಗೇ ಕಚಗುಳಿ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಫೆಲ್ಟಿನ ತುಂಡು, ಎರಡು ಅಕ್ಕಿಕಾಳಿನಷ್ಟೇ ಇರ್ತದೆ, ಅದು ಉದುರಿ ಹೋಗಿತ್ತು, ದನಿ ಕಂಬಳಿ ಹೊದ್ದ ಹಾಗೆ ಕೇಳುದು ಅದರಿಂದಲೇ ಅಂತೆ. ಬೇರೆ ಕ್ಯಾಸೆಟ್ಟಿನಿಂದ ಕಿತ್ತು ಅಂಟಿಸಿದ್ರು. ಅವರ ಡೆಕ್ಕಿಗೆ ಹಾಕಿದ್ದೇ ತಡ, ಸಹಾಯಕ ಹುಡುಗ ಫೋನ್ ಹಿಡಿದ, ನಾನು ಬೇಡ ಮಾರಾಯ ನಾನು ನೋಡಿ ಆಯ್ತು ಅಂತ ಬಾಯಿ ತೆರೆಯುವಾಗ ಹೆಸರು ಬಂತು.

ಅಮ್ರ್ ದಿಯಾಬ್, ಈಜಿಪ್ಟಿನವ, ನೂರ್ ಎಲ್ ಐನ್, 1996. ಕಣ್ಣಿನ ಬೆಳಕು ಅಂತ ಅರ್ಥ, ಈಜಿಪ್ಟಿನವರ ಬಾಯಲ್ಲಿ ‘ನೂರಿಲೇನ್’ ಅಂತ ಆಗ್ತದೆ. ಯಾರ ಹತ್ರವೂ ಸಾಲ ಕೇಳ್ಲೇ ಇಲ್ಲ ಪಾಪ. ಸ್ಪ್ಯಾನಿಷ್ ಗಿಟಾರೂ ಉಂಟು ಅದರಲ್ಲಿ, ಹಾಗಾಗಿ ನಾನು ಗುನುಗಿದ್ದು ಅಷ್ಟೇನೂ ಕೆಟ್ಟದಿರ್ಲಿಲ್ಲ ಅಂತ ಮನೆಯಲ್ಲಿ ವಾದ ಮಾಡಿದೆ, ನಡೀಲಿಲ್ಲ.

ಮನೆಯಲ್ಲಿ ಯಾಕೆ ಸಿಗ್ಲಿಲ್ಲ ಅಂತ ಅವರೇ ಹೇಳಿದ್ರು. ಕ್ಯಾಸೆಟ್ ಓಡ್ಬೇಕಾದ್ದು ಸೆಕೆಂಡಿಗೆ 4.76 ಸೆಂಟಿಮೀಟರ್. ನಮ್ಮ ಸೆಟ್ಟಿನ ಬೆಲ್ಟ್ ಸಡಿಲ, ನೂರಕ್ಕೆ ಐದಾರರಷ್ಟು ನಿಧಾನ. ಅಷ್ಟಾದ್ರೆ ಶ್ರುತಿ ಒಂದು ಮನೆ ಕೆಳಗೆ, ಯಕ್ಷಗಾನದ ಲೆಕ್ಕದಲ್ಲಿ ಬಿಳಿ ಎರಡು ಇದ್ದದ್ದು ಕಪ್ಪು ಒಂದಕ್ಕೆ ಬಿದ್ದ ಹಾಗೆ. ಆಪಿಗೆ ಅದು ಬೇರೆಯೇ ಹಾಡು.

ನಾಲ್ಕು ದಿನ ಅಂದವರು ಹನ್ನೊಂದು ದಿನ ಮಾಡಿದ್ರು, ಅದೆಲ್ಲ ಸಾಮಾನ್ಯ, ಸ್ಟಾರ್ ಅದಕ್ಕೆ ಕಟ್ ಮಾಡಿದ್ದಲ್ಲ. ಪೆನ್‌ಡ್ರೈವ್ ತಂದು ಕಾರಲ್ಲಿ ಹಾಕಿದೆ, ತಲಪಾಡಿ ಕಡೆ ಹೋಗುವಾಗ. ಗಾಜಿನ ಹಾಗೆ ಕ್ಲಿಯರ್. ಎರಡನೇ ‘ನೂರಿಲ್ಲೇನು’ ಬಂತು, ನಾನು ಸ್ಟೇರಿಂಗಿನಲ್ಲಿ ಬೆರಳು ಎತ್ತಿ ರೆಡಿ ಆದೆ. ರೈಲು ಬರ್ಲಿಲ್ಲ. ರಿವೈಂಡ್ ಮಾಡಿದೆ, ಬರ್ಲಿಲ್ಲ. ದನಿಯೂ ಎಂತದೋ ಸಪೂರ, ಯಾರೋ ಚಿಕ್ಕ ಹುಡುಗ ಬಸ್ಸು ತಪ್ಪುತ್ತದೆ ಅಂತ ಗಡಿಬಿಡಿಯಲ್ಲಿ ಹಾಡಿದ ಹಾಗೆ.

ಫೋನ್ ಮಾಡಿದೆ. ಅವರು ಖುಷಿಯಲ್ಲೇ ಹೇಳಿದ್ರು, ನಿಮ್ಮ ಕ್ಯಾಸೆಟ್ಟಲ್ಲಿ ಗಲಾಟೆ ತುಂಬ ಇತ್ತು, ಅದಕ್ಕೆ ಹೆಸರು ಸಿಕ್ಕಿದ ಹಾಡಿಗೆಲ್ಲ ನೆಟ್ಟಿನಿಂದ ಒರಿಜಿನಲ್ಲೇ ಇಳಿಸಿ ಹಾಕಿದ್ದೇನೆ, ಎಕ್ಸ್‌ಟ್ರಾ ಚಾರ್ಜ್ ಇಲ್ಲ ಅಂತ. ಎಂತ ಹೇಳುದು ಇಂಥವರಿಗೆ! ನನ್ನ ಫ್ರೆಂಡಿನ ಮನೆ ಉಪ್ಪಳ ಸ್ಟೇಷನಿನ ಹತ್ರ. ಅವ ಎರಡು ಸೆಟ್ಟು ಎದುರು ಬದುರು ಇಟ್ಟು ರೆಕಾರ್ಡ್ ಮಾಡಿದ್ದು. ಅಂದ್ರೆ ನಾನು ಇಷ್ಟು ವರ್ಷ ಹೊಗಳಿದ ಆ ಮ್ಯೂಸಿಕ್ ಡೈರೆಕ್ಟರ್ ಮಂಗಳೂರು ಲೈನಿನ ಯಾವುದೋ ಗಾಡಿಯ ಡ್ರೈವರು.

ಹಾಗಾಗಿ ಹೋಗುವವರು ಮೊದಲೇ ಹೇಳಿ, ಕ್ಯಾಸೆಟ್ಟಲ್ಲಿ ಇದ್ದದ್ದು ಇದ್ದ ಹಾಗೇ ಬೇಕು ಅಂತ, ಬರೆದೇ ಕೊಡಿ. ಒಂದು ಸ್ಟಾರ್ ಹೋದದ್ದು ಅಲ್ಲಿ. ಶುಕ್ರವಾರ ಮಧ್ಯಾಹ್ನ ಮುಚ್ಚಿರ್ತದೆ, ಪಾರ್ಕಿಂಗಿನ ಆಸೆ ಬೇಡ.

ಪುನಃ ಹೋದೆ. ದುಡ್ಡು ಕೇಳದೆ ಎದುರಲ್ಲೇ ಕೂರಿಸಿ ಮಾಡಿ ಕೊಟ್ರು. ರೈಲು ಬಂತು, ಅದರ ಹಿಂದೆ ಫ್ರೆಂಡಿನ ಉಮ್ಮ ಚಾಯಕ್ಕೆ ಕರೆಯುದೂ ಬಂತು, ಅದು ನನಗೆ ಮರೆತೇ ಹೋಗಿತ್ತು. ಆದ್ರೂ ಹಾಡು ಓಡ್ತಾ ಉಂಟು. ನಮ್ಮ ಮನೆ ಸೆಟ್ಟಿನ ಸ್ಪೀಡಿಗೆ ಇಳಿಸ್ಲಿಕ್ಕೆ ಆಗ್ತದಾ ಕೇಳಿದೆ. ಅವರು ಒಮ್ಮೆ ನನ್ನ ಮುಖ ನೋಡಿದ್ರು, ಮತ್ತೆ ಕಂಪ್ಯೂಟರಲ್ಲಿ ಗುಂಡಿ ಎಳೆದು ಎರಡು ಪರ್ಸೆಂಟ್ ಇಳಿಸಿದ್ರು, ಮೂರು, ನಾಲ್ಕು. ನಾನು ಕಣ್ಣು ಮುಚ್ಚಿ ಕೂತಿದ್ದೆ.

“ಸಾಕಾ?”

“ಇನ್ನು ಒಂಚೂರು.”